ಚೆಂಡು ಕಾಲಿಗೆ ಬರುವ ಮೊದಲು: ಹಾಲಂಡ್ ಆಟ ಮತ್ತು ನಾರ್ವೆಯ ವಿಶ್ವಕಪ್ ಲೆಕ್ಕ

2022ರ ಆಗಸ್ಟ್ 13ರಂದು ಮ್ಯಾಂಚೆಸ್ಟರ್ ಸಿಟಿ ತನ್ನ ಮೈದಾನದಲ್ಲಿ ಬೋರ್ನ್‌ಮತ್ ತಂಡವನ್ನು 4–0ಯಿಂದ ಸೋಲಿಸಿತು. ಆ ಪಂದ್ಯದಲ್ಲಿ 74 ನಿಮಿಷ ಅಂಗಳದಲ್ಲಿದ್ದ ನಾರ್ವೆಯ ಸ್ಟ್ರೈಕರ್ ಎರ್ಲಿಂಗ್ ಹಾಲಂಡ್ ಚೆಂಡು ಮುಟ್ಟಿದ್ದು ಎಂಟೇ ಎಂಟು ಸಲ. ಅವರ ಹೆಸರಿಗೆ ಗೋಲೂ ಇಲ್ಲ. ಆದರೆ ಸಿಟಿಯ ಮೊದಲ ಗೋಲಿಗೆ ಜೊತೆಗಾರ ಗುಂಡೊಗಾನ್‌ಗೆ ಚೆಂಡು ಕೊಟ್ಟವರು ಅವರೇ. ಅದೇ ಸೀಸನ್ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಅವರ ಗೋಲುಗಳ ಸಂಖ್ಯೆ 36ಕ್ಕೆ ಮುಟ್ಟಿತ್ತು. ಒಂದು ಸೀಸನ್ನಿನಲ್ಲಿ ಅಷ್ಟು ಗೋಲನ್ನು ಆ ಲೀಗ್‌ನಲ್ಲಿ ಅದಕ್ಕೆ ಮೊದಲು ಯಾರೂ ಹೊಡೆದಿರಲಿಲ್ಲ.

ಚರ್ಚ್ ಸ್ಟ್ರೀಟ್‌ನಲ್ಲೋ ಇಂದಿರಾನಗರದಲ್ಲೋ ದೊಡ್ಡ ಪರದೆಯ ಮುಂದೆ ಸಿಟಿ ಪಂದ್ಯ ನೋಡುತ್ತಾ ಕೂತವರಿಂದ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: “ಇವತ್ತು ಹಾಲಂಡ್ ಎಲ್ಲೂ ಕಾಣಿಸ್ತಾನೇ ಇಲ್ಲವಲ್ಲ.” ಕಾಣಿಸದಿರುವುದು ಅವರ ಆಟದ ಒಂದು ಭಾಗವೇ ಹೌದು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಡಿಫೆಂಡರ್ ಕಣ್ಣೂ ಚೆಂಡಿನ ಹಿಂದೆಯೇ ಹೋಗುತ್ತದೆ. ಹಾಲಂಡ್ ನಿಲ್ಲುವುದು ಆ ಎರಡೂ ತಲುಪದ ಜಾಗದಲ್ಲಿ.

2026ರ ವಿಶ್ವಕಪ್‌ಗೆ ನಾರ್ವೆ ಬರುತ್ತಿರುವುದು 28 ವರ್ಷಗಳ ನಂತರ. ಹಿಂದಿನ ಸಲ, 1998ರಲ್ಲಿ, ಮಾರ್ಸೇಯಲ್ಲಿ ಬ್ರೆಜಿಲನ್ನು 2–1ರಿಂದ ಸೋಲಿಸಿ ಮುಂದೆ ಹೋಗಿ ಇಟಲಿಗೆ ಸೋತಿದ್ದ ತಂಡ ಅದು. ಹಾಲಂಡ್ ಆಗ ಹುಟ್ಟಿರಲೇ ಇಲ್ಲ. ಈಗ ಅವರ ಸುತ್ತ ನಡೆಯುತ್ತಿರುವ ಚರ್ಚೆಯೆಲ್ಲ ಅವರು ಎಷ್ಟು ಗೋಲು ಹೊಡೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಕೇಳಬೇಕಾದ ಪ್ರಶ್ನೆ ಬೇರೆ. ಅವರು ಓಟ ಶುರು ಮಾಡುವ ಆ ಅರೆ ಕ್ಷಣಕ್ಕೆ ಸರಿಯಾಗಿ ಚೆಂಡು ಕಳಿಸಬಲ್ಲವರು ನಾರ್ವೆಯಲ್ಲಿ ಎಷ್ಟು ಮಂದಿ ಇದ್ದಾರೆ, ಮತ್ತು ಫ್ರಾನ್ಸ್, ಸೆನೆಗಲ್‌ನಂಥ ತಂಡಗಳು ಅವರಿಗೆ ಅದಕ್ಕೆ ಬಿಡುವು ಕೊಡುತ್ತವೆಯೇ?

ಡಿಫೆಂಡರ್ ಕುತ್ತಿಗೆಯ ಹಿಂದೆ

ಪೆನಾಲ್ಟಿ ಬಾಕ್ಸ್ ಗೋಲ್ ಗೆರೆಯಿಂದ 16.5 ಮೀಟರ್ ಆಳ, ಅದರೊಳಗಿನ ಚಿಕ್ಕ ಬಾಕ್ಸ್ 5.5 ಮೀಟರ್. ಹಾಲಂಡ್ ಗೋಲುಗಳಲ್ಲಿ ಬಹುಪಾಲು ಹುಟ್ಟುವುದು ಈ ಎರಡು ಗೆರೆಗಳ ನಡುವೆ, ಎರಡು ಕಂಬಗಳ ನೇರಕ್ಕೆ. ಅಲ್ಲಿಂದ ಹೊಡೆಯುವುದು ಕಷ್ಟವಲ್ಲ. ಅಲ್ಲಿ ಒಂಟಿಯಾಗಿ ನಿಲ್ಲುವುದು ಕಷ್ಟ.

ಅಂಚಿನಲ್ಲಿ ಆಡುವ ವಿಂಗರ್ ಬಳಿ ಚೆಂಡಿದೆ ಎಂದುಕೊಳ್ಳಿ. ನಡುವಿನ ಡಿಫೆಂಡರ್, ಅಂದರೆ ಸೆಂಟರ್ ಬ್ಯಾಕ್, ತನ್ನ ಮೈಯನ್ನು ಅರ್ಧ ಚೆಂಡಿನ ಕಡೆಗೆ, ಅರ್ಧ ಸ್ಟ್ರೈಕರ್ ಕಡೆಗೆ ತೆರೆದು ನಿಂತು ಇಬ್ಬರನ್ನೂ ಒಂದೇ ನೋಟದಲ್ಲಿ ಹಿಡಿಯಲು ನೋಡುತ್ತಾನೆ. ಹಾಲಂಡ್ ಅವನಿಗೆ ಆ ಅನುಕೂಲ ಕೊಡುವುದಿಲ್ಲ. ಚೆಂಡಿಗೆ ದೂರವಾದ ಭುಜದ ಹಿಂದೆ, ಒಂದೆರಡು ಹೆಜ್ಜೆ ಅಂತರದಲ್ಲಿ ನಿಲ್ಲುತ್ತಾರೆ. ಅವರನ್ನು ನೋಡಬೇಕೆಂದರೆ ಡಿಫೆಂಡರ್ ಕುತ್ತಿಗೆ ಹೊರಳಿಸಲೇಬೇಕು. ಹೊರಳಿಸಿದರೆ ಚೆಂಡು ಕಣ್ತಪ್ಪುತ್ತದೆ. ಅವನ ಕುತ್ತಿಗೆ ಮತ್ತೆ ಚೆಂಡಿನ ಕಡೆ ತಿರುಗಿದ ತಕ್ಷಣ ಹಾಲಂಡ್ ಜಾಗ ಬದಲಿಸಿರುತ್ತಾರೆ.

ಆ ಬದಲಾವಣೆ ಎರಡು ಭಾಗದ್ದು. ಮೊದಲು ಹತ್ತಿರದ ಕಂಬದ ಕಡೆ ಎರಡು ಚುರುಕಾದ ಹೆಜ್ಜೆ. ಡಿಫೆಂಡರ್ ಅದನ್ನು ನಂಬಿ ಜೊತೆಗೆ ಓಡಿದರೆ ಅವನ ಮೈಭಾರ ಮುಂದಿನ ಕಾಲಿಗೆ ಬರುತ್ತದೆ. ಹಾಲಂಡ್ ಅಲ್ಲೇ ಗಕ್ಕನೆ ನಿಲ್ಲುತ್ತಾರೆ, ಇಲ್ಲವೇ ಹಿಂದಕ್ಕೆ ಸರಿಯುತ್ತಾರೆ. ಭಾರ ಮುಂದಿನ ಕಾಲಿನ ಮೇಲಿರುವವನು ತಕ್ಷಣ ಹಿಂದೆ ಬರಲಾರ, ಇನ್ನೊಂದು ಹೆಜ್ಜೆ ಇಟ್ಟು ನಿಂತು ಆಮೇಲೆ ತಿರುಗಬೇಕು. ಅಷ್ಟರಲ್ಲಿ ಒಂದು, ಒಂದೂವರೆ ಮೀಟರ್ ಜಾಗ ತೆರೆದುಕೊಂಡಿರುತ್ತದೆ. 1.95 ಮೀಟರ್ ಎತ್ತರದ, ಎಡಗಾಲಿನ ಆಟಗಾರನಿಗೆ ಅಷ್ಟು ಧಾರಾಳ ಸಾಕು. ಡಿಫೆಂಡರ್ ನಂಬದೆ ನಿಂತಲ್ಲೇ ನಿಂತರೆ ಅವರು ಮೊದಲ ಓಟವನ್ನೇ ಮುಂದುವರಿಸಿ ಹತ್ತಿರದ ಕಂಬದಲ್ಲಿ ಚೆಂಡಿಗೆ ಕಾಲು ತಗುಲಿಸುತ್ತಾರೆ. ಎರಡರಲ್ಲಿ ಯಾವುದನ್ನು ತಡೆದರೂ ಇನ್ನೊಂದು ಉಳಿದಿರುತ್ತದೆ.

ಆಫ್‌ಸೈಡ್ ಗೆರೆಯ ಮೇಲಿನ ಅವರ ಓಟವೂ ಇಷ್ಟೇ ಲೆಕ್ಕಾಚಾರದ್ದು. ಚೆಂಡು ಪಡೆಯುವವನು ಡಿಫೆಂಡರ್‌ಗಳ ಸಾಲನ್ನು ದಾಟಿ ಗೋಲಿಗೆ ಹತ್ತಿರ ನಿಂತಿದ್ದರೆ ಆಫ್‌ಸೈಡ್; ಅದನ್ನು ನೋಡುವುದು ಪಾಸ್ ಒದ್ದ ಗಳಿಗೆಯಲ್ಲಿ. ಗೋಲಿನ ಕಡೆ ನೇರ ಓಡುವವನು ಪಾಸ್ ತಡವಾದರೆ ಗೆರೆ ದಾಟಿಬಿಡುತ್ತಾನೆ. ದಾಟಬಾರದೆಂದು ನಿಂತರೆ ವೇಗ ಹೋಯಿತು. ಹಾಲಂಡ್ ಮೊದಲು ಡಿಫೆಂಡರ್‌ಗಳ ಸಾಲಿಗೆ ಸಮಾನಾಂತರವಾಗಿ ಅಡ್ಡಕ್ಕೆ ಓಡಿ ವೇಗ ಕಟ್ಟಿಕೊಳ್ಳುತ್ತಾರೆ, ಪಾಸ್ ಕಾಲಿನಿಂದ ಹೊರಟಾಗ ಬಿಲ್ಲಿನಂತೆ ಬಾಗಿ ಗೋಲಿನತ್ತ ತಿರುಗುತ್ತಾರೆ. ಡಿಫೆಂಡರ್ ನಿಂತಲ್ಲಿಂದ ತಿರುಗಿ ಓಟ ಶುರು ಮಾಡಬೇಕು, ಇವರು ಆಗಲೇ ಓಡುತ್ತಿರುತ್ತಾರೆ. ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್‌ನಲ್ಲಿದ್ದಾಗ ಇವರ ವೇಗ ಗಂಟೆಗೆ 36 ಕಿ.ಮೀ. ದಾಟಿತ್ತು. ಹಾಗಿರುವಾಗ ಹಿಂದಿನಿಂದ ಬಂದು ಹಿಡಿಯಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಕಂಠೀರವದಲ್ಲಿ ವರ್ಷಗಟ್ಟಲೆ ಸುನಿಲ್ ಛೆಟ್ರಿಯವರ ಆಟ ನೋಡಿದ ಬೆಂಗಳೂರಿನವರಿಗೆ ಇದರಲ್ಲಿ ಬಹಳಷ್ಟು ಪರಿಚಯದ್ದೇ. ಛೆಟ್ರಿ ಎತ್ತರ 1.70 ಮೀಟರ್, ಹಾಲಂಡ್‌ಗಿಂತ ಒಂದು ಗೇಣಿಗೂ ಹೆಚ್ಚು ಗಿಡ್ಡ. ಆದರೂ ತಮಗಿಂತ ತಲೆಯೆತ್ತರ ಇರುವ ಡಿಫೆಂಡರ್‌ಗಳ ನಡುವೆ ಹೆಡರ್ ಗೋಲು ಹೊಡೆದದ್ದು ಇದೇ ಕಣ್ಮರೆಯ ಜಾಗದಿಂದ ಹೊರಟು, ಅವರಿಗಿಂತ ಮೊದಲು ನೆಗೆದು. 2023ರ ಜೂನ್ 21ರಂದು ಇದೇ ಅಂಗಳದಲ್ಲಿ ಪಾಕಿಸ್ತಾನದ ವಿರುದ್ಧ ಅವರ ಹ್ಯಾಟ್ರಿಕ್‌ನ ಮೊದಲ ಗೋಲು ನೆನಪಿಸಿಕೊಳ್ಳಿ. ಗೋಲ್‌ಕೀಪರ್‌ಗೆ ಬಂದ ಸಾಧಾರಣ ಬ್ಯಾಕ್ ಪಾಸ್ ಅದು. ನೂರರಲ್ಲಿ ತೊಂಬತ್ತೊಂಬತ್ತು ಸಲ ಏನೂ ಆಗದ ಚೆಂಡಿಗೂ ಛೆಟ್ರಿ ಓಡಿದರು, ಕೀಪರ್ ತಡವರಿಸಿದ, ಗೋಲಾಯಿತು. ಹಾಲಂಡ್ ಕೂಡ ಅಂಚಿನಿಂದ ಬಾಕ್ಸ್‌ಗೆ ಬರುವ ಪ್ರತಿ ಕ್ರಾಸ್‌ಗೂ ಅದು ತನಗೇ ಬರುತ್ತದೆ ಎಂಬಂತೆ ಓಡುತ್ತಾರೆ. ಹತ್ತರಲ್ಲಿ ಒಂಬತ್ತು ಓಟ ವ್ಯರ್ಥವಾಗುತ್ತದೆ. ಹತ್ತನೆಯದು ಬಾರದ ಪಂದ್ಯ ಕಡಿಮೆ.

ನಮ್ಮ ಹುಡುಗರು ಇದನ್ನು ಕಲಿಯುವುದಕ್ಕೆ ಒಂದು ಅಡ್ಡಿಯಿದೆ. ಎಚ್‌ಎಸ್‌ಆರ್ ಲೇಔಟ್‌ನಿಂದ ಸರ್ಜಾಪುರ ರಸ್ತೆಯವರೆಗೆ ಎಲ್ಲೆಡೆ ಎದ್ದಿರುವ ಟರ್ಫ್‌ಗಳಲ್ಲಿ ನಡೆಯುವುದು ಫೈವ್ ಎ ಸೈಡ್ ಆಟ, ಅಲ್ಲಿ ಆಫ್‌ಸೈಡ್ ಇಲ್ಲ. ಗೆರೆ ನೋಡಿಕೊಂಡು ಬಾಗಿ ಓಡುವ ಅಭ್ಯಾಸ ಅಲ್ಲಿ ಹುಟ್ಟುವುದೇ ಇಲ್ಲ, ಗೋಲಿನ ಬಾಯಲ್ಲಿ ನಿಂತರೂ ನಡೆಯುತ್ತದೆ. ಆಸ್ಟಿನ್ ಟೌನ್‌ನಂಥ ಪೂರ್ಣ ಅಳತೆಯ ಮೈದಾನ ಸಿಕ್ಕ ಕೋಚ್‌ಗಳು ಇದಕ್ಕೆಂದೇ ವಾರಕ್ಕೆ ಇಪ್ಪತ್ತು ನಿಮಿಷ ಎತ್ತಿಡುವುದು ಒಳ್ಳೆಯದು. ಬಾಕ್ಸ್ ಗೆರೆಯ ಮೇಲೆ ಒಬ್ಬ ಡಿಫೆಂಡರ್, ಅವನ ದೂರದ ಭುಜದ ಹಿಂದೆ ಸ್ಟ್ರೈಕರ್, ಅಂಚಿನಲ್ಲಿ ಚೆಂಡು ಕೊಡುವವನೊಬ್ಬ, ಗೆರೆ ನೋಡಲು ಇನ್ನೊಬ್ಬ. ಸ್ಟ್ರೈಕರ್ ಓಟ ಶುರು ಮಾಡಬೇಕಾದದ್ದು ಚೆಂಡು ಕೊಡುವವನು ತಲೆ ಎತ್ತಿ ನೋಡಿದಾಗ, ಒದ್ದಾಗ ಅಲ್ಲ. ಹುಡುಗರು ತಪ್ಪುವುದು ಹೆಚ್ಚಾಗಿ ಇಲ್ಲೇ: ಒದೆತದ ಸದ್ದಿಗೆ ಕಾಯುತ್ತಾರೆ, ಆಗ ಅರ್ಧ ಸೆಕೆಂಡ್ ತಡವಾಗಿರುತ್ತದೆ. ಇನ್ನೊಂದು ತಪ್ಪು ಮೊದಲ ಎರಡು ಸುಳ್ಳು ಹೆಜ್ಜೆಯನ್ನು ನಿಧಾನವಾಗಿ ಇಡುವುದು. ಸುಳ್ಳು ಹೆಜ್ಜೆ ನಿಜದಷ್ಟೇ ಬಿರುಸಾಗಿರದಿದ್ದರೆ ಯಾವ ಡಿಫೆಂಡರ್ರೂ ನಂಬುವುದಿಲ್ಲ.

16 ಗೋಲುಗಳನ್ನು ಬಿಡಿಸಿ ನೋಡಿದರೆ

ಅರ್ಹತಾ ಸುತ್ತಿನಲ್ಲಿ ನಾರ್ವೆ ಆಡಿದ ಎಂಟೂ ಪಂದ್ಯ ಗೆದ್ದಿತು. 37 ಗೋಲು ಹೊಡೆದು 5 ಬಿಟ್ಟುಕೊಟ್ಟಿತು. ಹಾಲಂಡ್ ಪಾಲು 16, ಎಂಟೂ ಪಂದ್ಯಗಳಲ್ಲಿ ಗೋಲು. ಅದರಲ್ಲಿ ಆರು ಗೋಲು ಮಾಲ್ಡೊವಾ ವಿರುದ್ಧ ಬಂದವು. 11–1ರ ಒಂದೇ ಪಂದ್ಯದಲ್ಲಿ ಐದು. ಅದನ್ನು ಕಳೆದರೂ ಆರು ಪಂದ್ಯಗಳಲ್ಲಿ ಹತ್ತು ಗೋಲು ಉಳಿಯುತ್ತದೆ. ಇಟಲಿ ವಿರುದ್ಧ ಎರಡು ಪಂದ್ಯಗಳಲ್ಲಿ ಮೂರು. ದುರ್ಬಲ ತಂಡಗಳ ಮೇಲೆ ಮಾತ್ರ ಹೊಡೆಯುತ್ತಾರೆ ಎಂಬ ವಾದ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಇಟಲಿಯ ಎರಡು ಪಂದ್ಯಗಳನ್ನು ಹತ್ತಿರದಿಂದ ನೋಡಬೇಕು. 2025ರ ಜೂನ್‌ನಲ್ಲಿ ಓಸ್ಲೊದಲ್ಲಿ ನಾರ್ವೆ 3–0ಯಿಂದ ಗೆದ್ದಾಗ ಮೂರನೇ ಗೋಲು ಹಾಲಂಡ್‌ದು. ಮಿಡ್‌ಫೀಲ್ಡರ್ ಮಾರ್ಟಿನ್ ಓಡೆಗಾರ್ಡ್ ಡಿಫೆಂಡರ್‌ಗಳ ಸಾಲು ಸೀಳಿ ಕಳಿಸಿದ ಪಾಸ್, ಇಟಲಿಯ ಗೋಲ್‌ಕೀಪರ್ ಡೊನ್ನಾರುಮ್ಮಾ ಅವರನ್ನು ದಾಟಿಸಿ ಖಾಲಿ ಗೋಲಿಗೆ ಚೆಂಡು. ಓಡೆಗಾರ್ಡ್ ಎಡಗಾಲಿನವರು, ಆಡುವುದು ಬಲ ಅಂಚಿಗೂ ಮೈದಾನದ ನಡುವಿಗೂ ಮಧ್ಯದ ಪಟ್ಟಿಯಲ್ಲಿ. ಅಲ್ಲಿಂದ ಎಡಗಾಲಿನಲ್ಲಿ ಒದ್ದ ಪಾಸ್ ಗೋಲಿನ ಕಡೆ ಬಾಗುತ್ತಾ ಹೋಗಿ ಹಾಲಂಡ್ ಬಾಗಿ ಓಡುವ ದಾರಿಗೆ ಸೇರಿಕೊಳ್ಳುತ್ತದೆ. ಈ ಎರಡು ಬಾಗುಗಳು ಕೂಡುವ ಬಿಂದುವೇ ನಾರ್ವೆಯ ಆಟದ ನಾಭಿ.

ಹಾಗಾದರೆ ಓಡೆಗಾರ್ಡ್ ಇಲ್ಲದಿದ್ದರೆ? ನವೆಂಬರ್ 16ರಂದು ಮಿಲಾನ್‌ನ ಸಾನ್ ಸೀರೊದಲ್ಲಿ ಗಾಯದಿಂದಾಗಿ ಅವರು ಆಡಲಿಲ್ಲ. ಇಟಲಿ 11ನೇ ನಿಮಿಷಕ್ಕೇ ಮುಂದಿತ್ತು. ಅರ್ಧ ಪಂದ್ಯ ದಾಟಿದರೂ ಹಾಲಂಡ್‌ಗೆ ಗೋಲು ದಕ್ಕಲಿಲ್ಲ. 63ನೇ ನಿಮಿಷದಲ್ಲಿ ಆಂಟೋನಿಯೊ ನೂಸಾ ಸಮ ಮಾಡಿದರು. 78ನೇ ನಿಮಿಷದಲ್ಲಿ ಆಸ್ಕರ್ ಬಾಬ್ ಕಳಿಸಿದ ಚೆಂಡು ನೆಲ ಮುಟ್ಟುವ ಮೊದಲೇ ಹಾಲಂಡ್ ವಾಲಿ ಹೊಡೆದರು. ಮರು ನಿಮಿಷದಲ್ಲೇ ಇನ್ನೊಂದು. ಕೊನೆಗೆ 4–1. ಈ ಪಂದ್ಯದಿಂದ ಎರಡು ಸಂಗತಿ ಸಿಗುತ್ತವೆ. ಚೆಂಡು ತಲುಪಿಸಬಲ್ಲವರು ನಾರ್ವೆಯಲ್ಲಿ ಓಡೆಗಾರ್ಡ್ ಒಬ್ಬರೇ ಅಲ್ಲ, ನೂಸಾ ಮತ್ತು ಬಾಬ್ ಕೂಡ ಇದ್ದಾರೆ. ಎರಡನೆಯದು, 77 ನಿಮಿಷ ಗೋಲಿಲ್ಲದಿದ್ದರೂ ಹಾಲಂಡ್ ಬೇಸರಗೊಂಡು ಮಿಡ್‌ಫೀಲ್ಡ್‌ಗೆ ಇಳಿದು ಚೆಂಡು ಬೇಡುವುದಿಲ್ಲ. ಬಹಳ ಒಳ್ಳೆಯ ಸ್ಟ್ರೈಕರ್‌ಗಳೂ ಆ ಹೊತ್ತಿಗೆ ಕೆಳಗೆ ಇಳಿಯುತ್ತಾರೆ, ಕ್ರಾಸ್ ಬಂದಾಗ ಬಾಕ್ಸ್ ಖಾಲಿಯಿರುತ್ತದೆ.

ಕೋಚ್ ಸ್ಟಾಲೆ ಸೋಲ್ಬಾಕನ್ ಇನ್ನೊಂದು ಉಪಾಯ ಇಟ್ಟುಕೊಂಡಿದ್ದಾರೆ. ಅಲೆಕ್ಸಾಂಡರ್ ಸೋರ್ಲೊತ್ ಹೆಸರಿಗೆ ಬಲ ಅಂಚಿನ ಆಟಗಾರ, ನಿಜಕ್ಕೂ ಎರಡನೇ ಸ್ಟ್ರೈಕರ್. ಎಡದಿಂದ ಕ್ರಾಸ್ ಬರುವಾಗ ಅವರು ದೂರದ ಕಂಬಕ್ಕೆ ನುಗ್ಗುತ್ತಾರೆ. ಎತ್ತರದಲ್ಲಿ ಸುಮಾರಾಗಿ ಹಾಲಂಡ್‌ಗೆ ಸಮ. ಎದುರಾಳಿಯ ಇಬ್ಬರು ಸೆಂಟರ್ ಬ್ಯಾಕ್‌ಗಳು ಹಾಲಂಡ್ ಒಬ್ಬರನ್ನೇ ಮುಂದೊಬ್ಬ, ಹಿಂದೊಬ್ಬ ನಿಂತು ಅದುಮಿ ಹಿಡಿಯುವುದು ಹಲವು ಕ್ಲಬ್‌ಗಳು ಬಳಸುವ ಮದ್ದು. ಸೋರ್ಲೊತ್ ಇದ್ದಾಗ ಆ ಮದ್ದು ಪೂರ್ತಿ ಕೆಲಸ ಮಾಡದು, ಹಿಂದಿನವನು ಸೋರ್ಲೊತ್ ಕಡೆ ನೋಡಲೇಬೇಕು. ಸಿಟಿಯಲ್ಲಿ ಹಾಲಂಡ್‌ಗೆ ಇಂಥ ಜೊತೆಗಾರ ಸಿಗುವುದು ಅಪರೂಪ.

ಕೊರತೆಗಳೂ ನಿಜವೇ. ಗೋಲಿಗೆ ಬೆನ್ನು ಹಾಕಿ, ಹಿಂದಿನಿಂದ ಒತ್ತುವವನನ್ನು ತಾಳಿಕೊಂಡು ಚೆಂಡು ನಿಲ್ಲಿಸಿ ಜೊತೆಗಾರನಿಗೆ ಕೊಡುವ ಕೆಲಸದಲ್ಲಿ ಇಂಗ್ಲೆಂಡಿನ ಸ್ಟ್ರೈಕರ್ ಹ್ಯಾರಿ ಕೇನ್ ಅವರ ಮಟ್ಟ ಹಾಲಂಡ್‌ಗಿಲ್ಲ. ಮೊದಲ ಸ್ಪರ್ಶ ಒಮ್ಮೊಮ್ಮೆ ಎರಡಡಿ ದೂರ ಹಾರುತ್ತದೆ. ಎದುರಾಳಿ ಹತ್ತೂ ಜನರನ್ನು ಬಾಕ್ಸ್ ಸುತ್ತ ಕಟ್ಟಿ ನಿಲ್ಲಿಸಿದರೆ ಹಿಂದೆ ಓಡಲು ಜಾಗವೂ ಇರುವುದಿಲ್ಲ. ಟಾಲಿನ್‌ನಲ್ಲಿ ಎಸ್ಟೋನಿಯಾ ಅದನ್ನೇ ಮಾಡಿ ಒಂದು ಗಂಟೆ ನಾರ್ವೆಯನ್ನು ತಡೆದಿತ್ತು. ಗೆಲುವು 1–0, ಗೋಲು ಹಾಲಂಡ್‌ದೇ. ಪೆನಾಲ್ಟಿಯಲ್ಲೂ ಅವರು ಅಚ್ಚುಕಟ್ಟಲ್ಲ. 2025ರ ಅಕ್ಟೋಬರ್‌ನಲ್ಲಿ ಇಸ್ರೇಲ್ ವಿರುದ್ಧ ಒಂದು ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದರು, ಮತ್ತೆ ಹೊಡೆಯಲು ಅವಕಾಶ ಸಿಕ್ಕಿತು, ಅದನ್ನೂ ತಡೆದರು. ಅದೇ ಪಂದ್ಯದಲ್ಲಿ ಆಮೇಲೆ ಹ್ಯಾಟ್ರಿಕ್ ಹೊಡೆದರು ಎಂಬುದು ಅವರ ಮನಸ್ಸಿನ ಗಟ್ಟಿತನ ಹೇಳುತ್ತದೆ, ಪೆನಾಲ್ಟಿಯ ಸಮಸ್ಯೆಯನ್ನು ಅಳಿಸುವುದಿಲ್ಲ. ನಾಕ್‌ಔಟ್‌ನಲ್ಲಿ ಹಾಗೆ ಕಳೆದದ್ದು ವಾಪಸ್ ಬರುವುದಿಲ್ಲ.

ಗ್ರೂಪ್ ಐ: ಐದನೇ ಗೋಲಿಗೂ ಬೆಲೆಯಿದೆ

ನಾರ್ವೆ ಇರುವ ಗುಂಪಿನಲ್ಲಿ ಫ್ರಾನ್ಸ್, ಸೆನೆಗಲ್, ಜೊತೆಗೆ ಪ್ಲೇಆಫ್ ಎಂಬ ಕೊನೆಯ ಅರ್ಹತಾ ಪಂದ್ಯಗಳ ಹಾದಿಯ ತಂಡ. ಮೊದಲ ಪಂದ್ಯ ಪ್ಲೇಆಫ್ ತಂಡದ ಎದುರು ಬಾಸ್ಟನ್ ಬಳಿಯ ಫಾಕ್ಸ್‌ಬರೊದಲ್ಲಿ, ಎರಡನೆಯದು ಸೆನೆಗಲ್ ಜೊತೆ ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿ, ಮೂರನೆಯದು ಫ್ರಾನ್ಸ್ ಎದುರು ಮತ್ತೆ ಫಾಕ್ಸ್‌ಬರೊದಲ್ಲಿ.

48 ತಂಡ, 12 ಗುಂಪು. ಮೊದಲೆರಡು ಸ್ಥಾನದವರ ಜೊತೆ ಮೂರನೇ ಸ್ಥಾನದ ಎಂಟು ತಂಡಗಳೂ ಮುಂದಿನ ಸುತ್ತಿಗೆ ಹೋಗುತ್ತವೆ. ಬೇರೆ ಬೇರೆ ಗುಂಪಿನ ಮೂರನೇ ತಂಡಗಳನ್ನು ಹೋಲಿಸುವಾಗ ಪಾಯಿಂಟ್ ಸಮವಾದರೆ ನೋಡುವುದು ಗೋಲು ಅಂತರ, ಆಮೇಲೆ ಹೊಡೆದ ಗೋಲು. ಇದೇ ಬಗೆಯ ಪದ್ಧತಿಯ 2016ರ ಯುರೋ ಕಪ್‌ನಲ್ಲಿ (ಯುರೋಪಿನ ದೇಶಗಳ ಪಂದ್ಯಾವಳಿ) ಮೂರು ಪಾಯಿಂಟ್ ಪಡೆದ ಪೋರ್ಚುಗಲ್ ಮುಂದೆ ಹೋಗಿ ಕಪ್ ಗೆದ್ದಿತು. ಅಷ್ಟೇ ಪಾಯಿಂಟ್ ಪಡೆದ ಅಲ್ಬೇನಿಯಾ, ಟರ್ಕಿ ಗೋಲು ಅಂತರದಿಂದ ಮನೆಗೆ ಹೋದವು. ಹಾಗಾಗಿ ಮೊದಲ ಪಂದ್ಯದಲ್ಲಿ ನಾರ್ವೆ 3–0 ಮುಂದಿದ್ದರೂ ಹಾಲಂಡ್ ಅವರನ್ನು ಕೂರಿಸಿ ವಿಶ್ರಾಂತಿ ಕೊಡುವುದು ಸರಿಯಾದ ನಿರ್ಧಾರ ಆಗಲಾರದು. ಫ್ರಾನ್ಸ್, ಸೆನೆಗಲ್ ಎರಡಕ್ಕೂ ಸೋತರೂ ಆ ನಾಲ್ಕನೇ, ಐದನೇ ಗೋಲು ತಂಡವನ್ನು ಉಳಿಸಬಹುದು.

ಇದು ನಾರ್ವೆಗೆ ಚೆನ್ನಾಗಿ ಗೊತ್ತಿರುವ ಪಾಠ. 1994ರ ವಿಶ್ವಕಪ್ ನಡೆದದ್ದೂ ಅಮೆರಿಕದಲ್ಲೇ. ನಾರ್ವೆ, ಇಟಲಿ, ಮೆಕ್ಸಿಕೊ, ಐರ್ಲೆಂಡ್ ನಾಲ್ಕೂ ತಂಡ ತಲಾ ನಾಲ್ಕು ಪಾಯಿಂಟ್, ನಾಲ್ಕರದ್ದೂ ಗೋಲು ಅಂತರ ಸೊನ್ನೆ. ಮೂರು ಪಂದ್ಯಗಳಲ್ಲಿ ಒಂದೇ ಗೋಲು ಹೊಡೆದಿದ್ದ ನಾರ್ವೆ ಕೊನೆಯ ಸ್ಥಾನಕ್ಕೆ ಬಿದ್ದು ಹೊರನಡೆಯಿತು. ಆ ತಂಡದಲ್ಲಿ ಹಾಲಂಡ್ ಅವರ ತಂದೆ ಆಲ್ಫ್ ಇಂಗೆ ಇದ್ದರು. ಇಟಲಿಗೆ ಸೋತದ್ದು, ಐರ್ಲೆಂಡ್ ಜೊತೆ ಗೋಲಿಲ್ಲದೆ ಮುಗಿಸಿದ್ದು ಎರಡೂ ಈಸ್ಟ್ ರುದರ್‌ಫರ್ಡ್‌ನ ಜೈಂಟ್ಸ್ ಸ್ಟೇಡಿಯಂನಲ್ಲಿ. ಈಗಿನ ಕ್ರೀಡಾಂಗಣ ಇರುವುದು ಅದರ ಪಕ್ಕದ ಜಾಗದಲ್ಲೇ. ಸೆನೆಗಲ್ ಜೊತೆಗಿನ ಪಂದ್ಯ ಅಲ್ಲಿ.

ಆ ಪಂದ್ಯವೇ ಗುಂಪಿನ ಕೀಲಿ. ಸೆನೆಗಲ್ ಡಿಫೆಂಡರ್‌ಗಳು ಮೈಬಲದಲ್ಲಿ ಹಾಲಂಡ್‌ಗೆ ಬಗ್ಗುವವರಲ್ಲ, ತೆರೆದ ಜಾಗದಲ್ಲಿ ಅವರ ದಾಳಿಯೂ ವೇಗವಾದದ್ದು. ನಾರ್ವೆ ಎರಡು ಸ್ಟ್ರೈಕರ್‌ಗಳನ್ನು ಮುಂದಿಟ್ಟರೆ ಮಿಡ್‌ಫೀಲ್ಡ್‌ನಲ್ಲಿ ಸಾಂಡರ್ ಬೆರ್ಗೆ ಸುತ್ತ ಜಾಗ ಬಿಟ್ಟಂತಾಗುತ್ತದೆ, ಚೆಂಡು ಕಳೆದುಕೊಂಡ ಪ್ರತಿ ಸಲವೂ ಅಪಾಯ. ಸೋಲ್ಬಾಕನ್ ಇಲ್ಲಿ ಸೋರ್ಲೊತ್ ಅವರನ್ನು ಬೆಂಚಿನಲ್ಲಿಟ್ಟು, ಬಾಬ್ ಅವರನ್ನು ಬಲಕ್ಕೆ ಹಾಕಿ, 60ನೇ ನಿಮಿಷದ ನಂತರ ಎರಡನೇ ಸ್ಟ್ರೈಕರ್ ತರುವುದು ಹೆಚ್ಚು ಸುರಕ್ಷಿತ. ಫ್ರಾನ್ಸ್ ವಿಷಯ ಬೇರೆ. ಅದರ ಡಿಫೆಂಡರ್ ವಿಲಿಯಂ ಸಲಿಬಾ ಇಂಗ್ಲೆಂಡಿನಲ್ಲಿ ಹಾಲಂಡ್ ಅವರನ್ನು ಪದೇ ಪದೇ ಎದುರಿಸಿದವರು. ಅವರು ಹಾಲಂಡ್‌ಗೆ ಅಂಟಿಕೊಂಡು ನಿಲ್ಲುವುದಿಲ್ಲ, ಒಂದು ಹೆಜ್ಜೆ ಹಿಂದೆ ನಿಂತು ಓಟಕ್ಕೆ ಕಾಯುತ್ತಾರೆ. ಮೇಲೆ ಹೇಳಿದ ಸುಳ್ಳು ಹೆಜ್ಜೆಗೆ ಬೀಳದ ಕೆಲವರಲ್ಲಿ ಅವರೊಬ್ಬರು.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ವಿಶ್ವಕಪ್‌ನ ಪ್ರತಿ ಪಂದ್ಯದಲ್ಲೂ ಎರಡೂ ಅರ್ಧಗಳಲ್ಲಿ, ತಲಾ 22 ನಿಮಿಷದ ಸುಮಾರಿಗೆ, ಮೂರು ನಿಮಿಷ ನೀರಿನ ವಿರಾಮ ಇದೆ. ಹಾಲಂಡ್‌ನಂಥ ಭಾರಿ ಮೈಯವರಿಗೆ ಅದು ಉಪಕಾರಿ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ಇವರ ಗೋಲುಗಳು ಡಿಫೆಂಡರ್ ದಣಿದು ಒಂದು ಸಲ ಕುತ್ತಿಗೆ ಹೊರಳಿಸಲು ಮರೆತಾಗ ಬರುವಂಥವು. ಆಟ ನಾಲ್ಕು ತುಂಡಾದರೆ ಡಿಫೆಂಡರ್‌ಗಳೂ ನಾಲ್ಕು ಸಲ ಎಚ್ಚರಗೊಳ್ಳುತ್ತಾರೆ, ಕೋಚ್ ಬಂದು ಸಾಲು ಸರಿಪಡಿಸುತ್ತಾನೆ. ಒಟ್ಟಾರೆ ನಷ್ಟ ಹಾಲಂಡ್‌ಗೇ ಹೆಚ್ಚು. ಫಾಕ್ಸ್‌ಬರೊ, ಈಸ್ಟ್ ರುದರ್‌ಫರ್ಡ್ ಎರಡರಲ್ಲೂ ಮಾಮೂಲಿಯಾಗಿ ಇರುವುದು ಕೃತಕ ಹಾಸು. ವಿಶ್ವಕಪ್‌ಗಾಗಿ ಅದರ ಬದಲು ನಿಜವಾದ ಹುಲ್ಲು ಹಾಸಲಾಗುತ್ತದೆ. ಹೊಸದಾಗಿ ಹಾಸಿದ ಹುಲ್ಲು ಬೇರು ಬಿಡದಿದ್ದರೆ ಗಕ್ಕನೆ ನಿಂತು ತಿರುಗುವಾಗ ಕಾಲಡಿ ಜಾರುತ್ತದೆ. ಎರಡು ಹೆಜ್ಜೆ ಇಟ್ಟು ನಿಲ್ಲುವುದರ ಮೇಲೆ ಆಟ ಕಟ್ಟಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ.

ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಮಾತು ಬಂದರೆ ಒಂದು ಎಚ್ಚರ. 2019ರ 20 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಹೊಂಡುರಾಸ್ ಮೇಲೆ 12–0 ಗೆಲುವಿನಲ್ಲಿ ಹಾಲಂಡ್ ಒಬ್ಬರೇ ಒಂಬತ್ತು ಗೋಲು ಹೊಡೆದರು. ಉಳಿದ ಎರಡು ಪಂದ್ಯಗಳಲ್ಲಿ ಒಂದೂ ಇಲ್ಲ, ನಾರ್ವೆ ಎರಡನ್ನೂ ಸೋತು ಗುಂಪಿನಲ್ಲೇ ಹೊರಬಿತ್ತು, ಗೋಲ್ಡನ್ ಬೂಟ್ ಮಾತ್ರ ಅವರಿಗೆ ಸಿಕ್ಕಿತು. 1994ರಲ್ಲಿ ರಷ್ಯಾದ ಒಲೆಗ್ ಸಲೆಂಕೊ ಕ್ಯಾಮರೂನ್ ಮೇಲೆ ಐದು ಗೋಲು ಹೊಡೆದು, ಒಟ್ಟು ಆರರೊಂದಿಗೆ ಬೂಟ್ ಹಂಚಿಕೊಂಡಾಗಲೂ ರಷ್ಯಾ ಗುಂಪು ದಾಟಿರಲಿಲ್ಲ. 2014, 2018ರಲ್ಲಿ ಆರು ಗೋಲಿಗೆ ಬೂಟ್ ಸಿಕ್ಕಿತು, 2022ರಲ್ಲಿ ಫ್ರಾನ್ಸ್‌ನ ಎಂಬಾಪೆಗೆ ಎಂಟು ಬೇಕಾಯಿತು. ಗುಂಪಿನಲ್ಲಿ ಹಾಲಂಡ್ ನಾಲ್ಕು ಹೊಡೆದು, ನಾರ್ವೆ ಇನ್ನೆರಡು ಸುತ್ತು ಉಳಿದರೆ ಅವರು ಸ್ಪರ್ಧೆಯಲ್ಲಿರುತ್ತಾರೆ. ನಮ್ಮ ಅಂದಾಜು: ನಾರ್ವೆ ಎರಡನೇ ಅಥವಾ ಮೂರನೇ ಸ್ಥಾನದಲ್ಲಿ ಗುಂಪು ದಾಟುತ್ತದೆ. ಎರಡನೇ ಸ್ಥಾನವಾದರೆ ಎದುರಾಳಿ ಜರ್ಮನಿ, ಈಕ್ವೆಡಾರ್, ಐವರಿ ಕೋಸ್ಟ್ ಇರುವ ಗ್ರೂಪ್ ಇ ಎರಡನೇ ತಂಡ, ಸ್ಥಳ ಡಲ್ಲಾಸ್. ಅಲ್ಲಿ ಚಾವಣಿಯಿದೆ, ಬಿಸಿಲಿನ ಕಾಟ ಇರುವುದಿಲ್ಲ. ಗೆಲ್ಲಬಹುದಾದ ಪಂದ್ಯವೇ ಅದು.

ಅದಕ್ಕಿಂತ ಮುಂದೆ ಹೋಗುವುದು ಹಾಲಂಡ್‌ಗಿಂತ ಹಿಂದಿನ ಸಾಲಿನ ಮೇಲೆ ನಿಂತಿದೆ. 2023ರ ಜೂನ್‌ನಲ್ಲಿ ಓಸ್ಲೊದಲ್ಲಿ ಯುರೋ ಅರ್ಹತಾ ಪಂದ್ಯದಲ್ಲಿ ಹಾಲಂಡ್ ಪೆನಾಲ್ಟಿ ಗೋಲಿನಿಂದ ನಾರ್ವೆ ಸ್ಕಾಟ್ಲೆಂಡ್ ಮೇಲೆ 1–0 ಮುಂದಿತ್ತು. ಕೊನೆಯಲ್ಲಿ ಅವರನ್ನು ಹೊರಗೆ ಕರೆಸಿದರು. 87 ಮತ್ತು 89ನೇ ನಿಮಿಷದಲ್ಲಿ ಸ್ಕಾಟ್ಲೆಂಡ್ ಎರಡು ಗೋಲು ಹೊಡೆದು ಗೆದ್ದಿತು, ನಾರ್ವೆ ಆ ಯುರೋಗೆ ಹೋಗಲೇ ಇಲ್ಲ. ಹಾಲಂಡ್ ಅಂಗಳದಲ್ಲಿದ್ದಷ್ಟು ಹೊತ್ತು ಎದುರಾಳಿಯ ಒಬ್ಬಿಬ್ಬರು ಡಿಫೆಂಡರ್‌ಗಳು ಮಧ್ಯದ ಗೆರೆ ದಾಟಲು ಹೆದರುತ್ತಾರೆ. ಚೆಂಡು ಮುಟ್ಟದೆಯೂ ಅವರು ಮಾಡುವ ಕಾವಲು ಕೆಲಸ ಅದು.

ಅಮೆರಿಕದ ಪೂರ್ವ ಕರಾವಳಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಹಾಗಾಗಿ ಈ ಪಂದ್ಯಗಳು ಬೆಂಗಳೂರಿನಲ್ಲಿ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಬರುತ್ತವೆ. ನಿದ್ದೆಗೆಟ್ಟು ಕೂತವರು ಒಂದು ಕೆಲಸ ಮಾಡಿ ನೋಡಿ. ನೂಸಾ ಎಡ ಅಂಚಿನಲ್ಲಿ ಚೆಂಡು ಹಿಡಿದ ಗಳಿಗೆಯಲ್ಲಿ ಕಣ್ಣನ್ನು ಚೆಂಡಿನಿಂದ ಕಿತ್ತು ಪರದೆಯ ಇನ್ನೊಂದು ತುದಿಗೆ ಒಯ್ಯಿರಿ. ಡಿಫೆಂಡರ್ ಕುತ್ತಿಗೆ ಎತ್ತ ತಿರುಗಿದೆ, ಅವನ ಬೆನ್ನ ಹಿಂದೆ ಹಾಲಂಡ್ ಯಾವ ಕಾಲಿನ ಮೇಲೆ ನಿಂತಿದ್ದಾರೆ ಎಂದು ನೋಡಿ. ಕ್ರಾಸ್ ಬರುವ ಮೊದಲೇ ಗೋಲಾಗುತ್ತದೋ ಇಲ್ಲವೋ ಎಂಬುದು ಅಲ್ಲಿ ಕಾಣಿಸಿರುತ್ತದೆ.